ನಾಲ್ಕು ಮೂಲೆಗೆ ಅರಿಶಿನ

ಆಷಾಢದಲ್ಲಿ ಸಕಲೇಶಪುರದ ಕಡೆ ಮನುಷ್ಯರಿಗಿರುವ ಕೆಲಸ ಎರಡೇ: ಒಲೆ ಮುಂದೆ ಕೂರುವುದು, ಕರೆಂಟ್ ಯಾವಾಗ ಬರುತ್ತದೆಂದು ಕೇಳುವುದು. ಅಂಥದೊಂದು ಸಂಜೆ ಬೆಂಗಳೂರಿನಿಂದ ಬಂದ ತಂಗಿಯ ಮಗ ಲ್ಯಾಪ್‌ಟಾಪ್ ತೆರೆದು, "ಮಾವ, ನಮ್ಮ ಬ್ಯಾಂಡಿನ ವೆಬ್‌ಸೈಟ್ ಮಾಡಿದೀನಿ, ನೋಡಿ" ಎಂದ. ಪರದೆ ಪೂರ್ತಿ ಕಪ್ಪು. ಇದಕ್ಕೂ ಕರೆಂಟ್ ಹೋಯಿತೇನೋ ಅಂದುಕೊಂಡೆ. ಅಷ್ಟರಲ್ಲಿ ಕತ್ತಲೊಳಗಿಂದ ತಲೆಬುರುಡೆಯೊಂದು ಎದ್ದುಬಂತು. ಅದರ ಮೇಲೆ ಕಾಡುಬಳ್ಳಿ ಹೆಣೆದುಕೊಂಡ ಹಾಗೆ ಏನೋ ಒಂದು. "ಅದೇ ನಮ್ಮ ಹೆಸರು" ಎಂದ. ಬೆನ್ನ ಹಿಂದಿನಿಂದ ಇಣುಕಿದ ಅವ್ವ ಮೆಲ್ಲಗೆ ಕೇಳಿದಳು: "ಯಾರು ಹೋದ್ರಪ್ಪ?"

ಹುಡುಗ ನೊಂದುಕೊಂಡ. ಮೆಟಲ್ ಸಂಗೀತ ಎಂದರೆ ಹೀಗೇ ಇರಬೇಕಂತೆ. ಹೆಸರು ಓದಲು ಬಂದರೆ ಮರ್ಯಾದೆ ಕಡಿಮೆ. ಬೆಲ್ಜಿಯಂನ ಕ್ರಿಸ್ಟೋಫ್ ಶ್ಪೈಡೆಲ್ ಎಂಬುವವರು ಇಂಥ ಬೇರು-ಬಿಳಲುಗಳ ಲಾಂಛನಗಳನ್ನು ಸಾವಿರಗಟ್ಟಲೆ ಬರೆದುಕೊಟ್ಟಿದ್ದಾರಂತೆ. ಇಂಗ್ಲೆಂಡಿನ ಮೋಟರ್‌ಹೆಡ್ ತಂಡ ಹೆಸರಿನ ಒಂದಕ್ಷರದ ತಲೆ ಮೇಲೆ ಎರಡು ಚುಕ್ಕೆ ಇಟ್ಟುಕೊಂಡಿತ್ತು. ಉಚ್ಚಾರಕ್ಕೆ ಅದರಿಂದ ನಯಾಪೈಸೆ ಉಪಯೋಗವಿಲ್ಲ, ಗಡಸಾಗಿ ಕಾಣಲಿ ಅಂತ ಅಷ್ಟೇ. ನಮ್ಮವನು ಆ ಚುಕ್ಕೆಗಳನ್ನು ಕನ್ನಡಕ್ಕೆ ತಂದು ಬ್ಯಾಂಡಿನ ಹೆಸರಿನ ಕೊನೆಗೊಂದು ವಿಸರ್ಗ ಅಂಟಿಸಿದ್ದ. "ಇದನ್ನ ಹೇಗೆ ಓದೋದೋ?" ಎಂದೆ. "ಓದೋಕಲ್ಲ ಮಾವ, ನೋಡೋಕೆ" ಎಂದ. ದುಃಖದ ವಿಸರ್ಗವಾದರೂ ಒಂಚೂರು ಕೆಲಸ ಮಾಡುತ್ತದೆ.

ನನ್ನನ್ನು ಕೇಳಲು ಕಾರಣವಿತ್ತು. ಊರಿನ ಲಗ್ನಪತ್ರಿಕೆ, ತಿಥಿಪತ್ರಿಕೆಗಳ ಒಕ್ಕಣೆ ಬರೆಯುವವನು ನಾನು. ಆ ಕಸುಬಿನಲ್ಲಿ ಒಂದು ವಿಷಯ ಗೊತ್ತು: ಪತ್ರಿಕೆಯನ್ನು ಜನ ಓದುವುದಿಲ್ಲ, ಗುರುತು ಹಿಡಿಯುತ್ತಾರೆ. ನಾಲ್ಕು ಮೂಲೆಗೆ ಅರಿಶಿನವಿದ್ದರೆ ಮುಖ ಅರಳಿಸಬೇಕು, ಇಲ್ಲದಿದ್ದರೆ ಒಂದು ಕ್ಷಣ ತಡೆಯಬೇಕು. ಕವರು ಬಿಚ್ಚುವ ಮೊದಲೇ ಯಾವ ಮುಖ ಹಾಕಿಕೊಳ್ಳಬೇಕೆಂದು ಗೊತ್ತಾಗಿರುತ್ತದೆ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ, ಆಲೂರು ಕಡೆಯ ಒಂದು ಪ್ರೆಸ್ಸಿನವರು ಕೈಲಾಸ ಸಮಾರಾಧನೆಯ ಪತ್ರಿಕೆಗೆ ಅವಸರದಲ್ಲಿ ಓಲಗ-ಡೋಲಿನ ಬ್ಲಾಕ್ ಕೂರಿಸಿಬಿಟ್ಟರು. ಒಕ್ಕಣೆ ನನ್ನದೇ, ಒಂದಕ್ಷರ ತಪ್ಪಿರಲಿಲ್ಲ. ಆದರೂ ದೂರದ ನೆಂಟರೊಬ್ಬರು ರೇಷ್ಮೆ ಪಂಚೆಯುಟ್ಟು, ಮುಯ್ಯಿ ಕವರು ಹಿಡಿದು ಬಂದಿಳಿದರು. ಕವರನ್ನು ಜೇಬಿಗೆ ವಾಪಸ್ ಇಟ್ಟುಕೊಂಡಾಗಿನ ಅವರ ಮುಖ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಹಾಗಾಗಿ ಕಪ್ಪು ಬಣ್ಣದ ಮೇಲೆ ನನಗೆ ಸಿಟ್ಟಿಲ್ಲ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಯಾರೂ ಹೇಳದೆಯೇ ಕಪ್ಪು ಟೀ ಶರ್ಟುಗಳ ಕಡಲೇ ನೆರೆದಿತ್ತು. ಅದು ಅವರ ಅರಿಶಿನ. ನನ್ನ ತಕರಾರೇ ಬೇರೆ. ಈ ಹುಡುಗರು ನುಡಿಸುವುದು ಮೆಟಲ್ ಅಲ್ಲವೇ ಅಲ್ಲ! ನಮ್ಮ ಕಡೆಯ ಸುಗ್ಗಿ ಕುಣಿತದ ಪೆಟ್ಟಿಗೆ ಗಿಟಾರ್ ಸೇರಿಸಿ ಹಾಡುತ್ತಾರೆ. ಅದಕ್ಕೆ ಬುರುಡೆ ಯಾಕೆ?

ಮರುದಿನ ಬುರುಡೆ ಹೋಗಿತ್ತು. ಈಗ ಖಾದಿ ಕಾಗದದ ಬಣ್ಣ, ಬಿದಿರಿನ ಅಕ್ಷರ, ಸುತ್ತ ಕೈ ಕೈ ಹಿಡಿದು ಕುಣಿಯುವ ಬಿಳಿ ಕಡ್ಡಿಗೊಂಬೆಗಳು. "ಜಾನಪದ ಅಂದ್ರೆ ಇದೇ ಅಲ್ವಾ ಮಾವ?" ಅವು ವಾರ್ಲಿ ಗೊಂಬೆಗಳು, ಮಹಾರಾಷ್ಟ್ರದವು. ನಮ್ಮ ಸುಗ್ಗಿಯವರ ಸೊಂಟ ಅಷ್ಟು ಸಣ್ಣಗಿರುವುದನ್ನು ನಾನಂತೂ ಕಂಡಿಲ್ಲ. ಗಾಯಕ ರಘು ದೀಕ್ಷಿತ್ ಲುಂಗಿಯುಟ್ಟು ಗೆಜ್ಜೆ ಕಟ್ಟಿ ವೇದಿಕೆಗೆ ಬಂದರು. ಸ್ವರಾತ್ಮ ಬ್ಯಾಂಡಿನವರು ಕೀಲುಕುದುರೆಯನ್ನೇ ಕುಣಿಸಿದರು. ಯಾವ ಅಂಗಡಿಯ ಸಿದ್ಧ ಅಚ್ಚಿನಿಂದಲೂ ತೆಗೆದದ್ದಲ್ಲ, ಅವರವರ ಹಾಡಿಗೆ ಒಗ್ಗಿದ ವೇಷ.

ಇನ್ನೊಂದು ತೊಡಕು ಹೊರಗೆ ಹೋದಾಗ ಗೊತ್ತಾಯಿತು. ನಮ್ಮ ಮನೆಗೆ ನೆಟ್‌ವರ್ಕ್ ಇಲ್ಲ, ತೋಟದ ಮೇಲಿನ ತಿರುವಿನಲ್ಲಿ ಒಂದು ಕಡ್ಡಿ ಸಿಗುತ್ತದೆ. ಕೊಡೆ ಹಿಡಿದು ಹೋಗಿ ಮೊಬೈಲಿನಲ್ಲಿ ತೆರೆದೆವು. ಐದು ನಿಮಿಷ ಕಾದ ಮೇಲೆ ಬಂದದ್ದು ಒಂದು ಗೊಂಬೆಯ ಮೊಣಕಾಲು. ಮಂಜರಾಬಾದ್ ಕೋಟೆ ನೆನಪಾಯಿತು. 1792ರಲ್ಲಿ ಟಿಪ್ಪು ಕಟ್ಟಿಸಿದ ಕೋಟೆ, ಎಂಟು ಮೂಲೆಯ ನಕ್ಷತ್ರ. ಡ್ರೋನಿನಲ್ಲಿ ನೋಡಿದರೆ ಆಹಾ ಎನ್ನಬೇಕು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದವನಿಗೆ ಕಾಣುವುದು ಮಾತ್ರ ಪಾಚಿ ಹಿಡಿದ ಒಂದು ಗೋಡೆ. "ನೀನು ಡ್ರೋನಿನವರಿಗೆ ಕಟ್ಟಿದೀಯ ಕಣೋ. ಮೆಟ್ಟಿಲು ಹತ್ತಿ ಬಂದೋನಿಗೆ ಕಾರ್ಯಕ್ರಮ ಎಲ್ಲಿ, ಯಾವತ್ತು, ಯಾರಿಗೆ ಫೋನ್ ಮಾಡಬೇಕು ಅನ್ನೋದೇ ಇಲ್ಲ" ಎಂದೆ. ಲಗ್ನಪತ್ರಿಕೆಯಲ್ಲಿ ಗಣಪತಿ ಎಷ್ಟು ಚೆನ್ನಾಗಿದ್ದರೇನು, ಮುಹೂರ್ತವೂ ಛತ್ರವೂ ಇಲ್ಲದಿದ್ದರೆ ಹುಡುಗನ ಕಡೆಯವರೇ ಬರುವುದಿಲ್ಲ.

ಮೂರನೆಯ ದಿನ ಅವನು ಗೊಂಬೆಗಳನ್ನು ಕಿತ್ತು, ನಮ್ಮೂರ ಸುಗ್ಗಿಯ ಒಂದು ಹಳೆಯ ಫೋಟೊ ಹಾಕಿದ. ಮೇಲೆ ದಿನಾಂಕ, ಜಾಗ, ಫೋನ್ ನಂಬರು. ಪುಟ ಹಗುರಾಗಿತ್ತು, ತಿರುವಿನಲ್ಲಿ ಎರಡೇ ನಿಮಿಷಕ್ಕೆ ತೆರೆದುಕೊಂಡಿತು. ವಿಸರ್ಗ ಮಾತ್ರ ಇರಲಿ ಎಂದು ಹಟ ಹಿಡಿದ. ಬಿಟ್ಟೆ. ಪ್ರಾಯದವರಿಗೆ ಒಂದಾದರೂ ಉಪಯೋಗವಿಲ್ಲದ ಚುಕ್ಕೆ ಬೇಕು.

ಮೊದಲ ಕರೆ ಬಂದಾಗ ಇನ್ನೂ ತಿರುವಿನಲ್ಲೇ ನಿಂತಿದ್ದೆವು. ಯಾರೋ ಹಿರಿಯರ ದನಿ: "ಬ್ಯಾಂಡ್‌ನೋರಾ? ದಿಬ್ಬಣಕ್ಕೆ ಎಷ್ಟು ಜನ ಬರ್ತೀರಿ? ಡ್ರೆಸ್ಸು ಕೆಂಪಿಂದು ತಾನೇ?" ಹುಡುಗ ಫೋನನ್ನು ಕೈಯಿಂದ ಮುಚ್ಚಿಕೊಂಡು ನನ್ನ ಮುಖ ನೋಡಿದ. ಮನೆಗೆ ಬಂದು ಹೇಳಿದಾಗ ಅವ್ವ ಕೇಳಿದ್ದು ಒಂದೇ ಪ್ರಶ್ನೆ: "ಅಡ್ವಾನ್ಸ್ ಎಷ್ಟು ಕೊಡ್ತಾರಂತೆ?"