ಹಲ್ಲಿಗೆ ಹಣ್ಣಿನ ಸೇವೆ

(ಪೆದ್ದಕಡುಬೂರು. ಚಹಾದಂಗಡಿ ಮುಂದೆ ಅಳಿಯ ನಿಂಬೆಹೋಳಿನಿಂದ ಹಲ್ಲು ತಿಕ್ಕುತ್ತಿದ್ದಾನೆ.)

ಮಾವ: ಏನಲೇ, ಬಾಯಾಗ ಉಪ್ಪಿನಕಾಯಿ ಹಾಕಾಕತ್ತೀಯೇನು?

ಅಳಿಯ: ಆದೋನಿಗೆ ಹೆಣ್ಣು ನೋಡಾಕ ಹೋಗಬೇಕು ಮಾವ. ಹಲ್ಲು ಬೆಳ್ಳಗ ಮಾಡಾಕ ಡಾಕ್ಟರ ಪೆರಾಕ್ಸೈಡ್ ಹಚ್ತಾರ. ಕೆಮಿಕಲ್ ಬ್ಯಾಡ, ನಂದು ನ್ಯಾಚುರಲ್!

ಮಾವ: ನಿಂಬಿಯೊಳಗಿನ ಸಿಟ್ರಿಕ್ ಆಸಿಡ್ ಏನು ಮಂತ್ರಾಲಯದ ತೀರ್ಥೇನು?

ಅಳಿಯ: ಸ್ಟ್ರಾಬೆರಿ ಸಿಗಲಿಲ್ಲ, ಅದಕ್ಕ...

ಮಾವ: ಅದೂ ಹುಳಿನ. ಪಿಎಚ್ 5.5ರ ಕೆಳಗಿಳಿದ್ರ ಎನಾಮಲ್ ಕರಗತೈತಿ. ನಿಂಬಿರಸದ್ದು ಸುಮಾರು 2. ಕರಗಿದ್ದು ಮತ್ತ ಬೆಳೆಯಂಗಿಲ್ಲ, ಒಳಗಿನ ಹಳದಿ ಡೆಂಟಿನ್ ಹೊರಗ ಕಾಣತೈತಿ.

ಅಳಿಯ: ಅಂದ್ರ ಇನ್ನೂ ಹಳದಿ?

ಮಾವ: ಅರಿಷಿಣಶಾಸ್ತ್ರದ ಖರ್ಚು ಉಳೀತು ಬಿಡು! ಮೊದಲು ಆ ಗುಟ್ಕಾ ಬಿಡಲೇ, ಡಾಕ್ಟರ ಹತ್ರ ಹಲ್ಲು ಕ್ಲೀನ್ ಮಾಡಿಸು.

ಅಳಿಯ: (ಗುಟ್ಕಾ ಚೀಟು ಹರಿದು ಬಾಯಿಗೆ ಸುರಿದುಕೊಳ್ಳುತ್ತಾ) ಅಡಿಕಿ ಗಿಡದಾಗ ಬೆಳೀತೈತಿ ಮಾವ, ಪಕ್ಕಾ ನ್ಯಾಚುರಲ್!