ಕೋಡುಬಳೆ ಡಬ್ಬಿ ನಿರಪರಾಧಿ

ಮಾಡಿದ್ದು ಇಷ್ಟೇ. ಭಾನುವಾರ ಮಧ್ಯಾಹ್ನ ಮನೆಯವರೆಲ್ಲ ಮಲಗಿದ್ದಾಗ ನಮ್ಮ ಹಳೆಯ ಮಾರುತಿ 800ರ ಬಾನೆಟ್ ಎತ್ತಿದೆ. ಡಿಸ್ಟ್ರಿಬ್ಯೂಟರಿನ ನಟ್ಟು ಸಡಿಲಿಸಿ, ಅದನ್ನು ಉಗುರಿನಷ್ಟು ತಿರುಗಿಸಿ, ಮತ್ತೆ ಬಿಗಿದು, ಕೈ ತೊಳೆದುಕೊಂಡು ಬಂದು ನಾನೂ ಮಲಗಿದೆ. ಕದ್ದು ಹಾಲು ಕುಡಿದ ಬೆಕ್ಕಿಗೂ ಅಂಥ ನಿದ್ದೆ ಬಂದಿರಲಾರದು.

ಇದಕ್ಕೆಲ್ಲ ಕಾರಣ ಭಾವಮೈದುನ. ಬೆಂಗಳೂರಿನಲ್ಲಿ ತನ್ನ ಟರ್ಬೊ ಕಾರಿಗೆ ಅದೇನೋ ‘ರೀಮ್ಯಾಪ್’ ಮಾಡಿಸಿಕೊಂಡು ಬಂದವನು, “ಭಾವ, ನಿಮ್ಮದು ಇಂಜಿನ್ನೋ, ಹೊಲಿಗೆ ಮಿಷಿನ್ನೋ?” ಅಂದ. 796 ಸಿಸಿ, ಮೂರು ಸಿಲಿಂಡರು, 40ಕ್ಕೂ ಕಡಿಮೆ ಕುದುರೆ. ಅಂದದ್ದು ಸುಳ್ಳಲ್ಲವಾದ್ದರಿಂದಲೇ ಮೈ ಉರಿಯಿತು. ಮೊದಲು ದುಬಾರಿ ಪೆಟ್ರೋಲು ಹಾಕಿಸಿದೆ, ಮಾಮೂಲಿ 91 ಆಕ್ಟೇನಿನ ಬದಲು 95. ಕಾರಿಗೆ ಗೊತ್ತೇ ಆಗಲಿಲ್ಲ, ಪರ್ಸಿಗೆ ಗೊತ್ತಾಯಿತು. ಆ ಅಂಕಿ ಹೇಳುವುದು ಪೆಟ್ರೋಲಿನ ಶಕ್ತಿಯನ್ನಲ್ಲ, ತಾಳ್ಮೆಯನ್ನು: ಎಷ್ಟು ಅದುಮಿದರೂ ಕಿಡಿ ಬರುವ ತನಕ ಹೊತ್ತಿಕೊಳ್ಳದೆ ಕೂತಿರುವ ತಾಳ್ಮೆ.

ಇನ್ನುಳಿದದ್ದು ಟೈಮಿಂಗ್. ಪೆಟ್ರೋಲು ಉರಿದು ಮುಗಿಯಲು ಒಂದಿಷ್ಟು ಹೊತ್ತು ಬೇಕಾದ್ದರಿಂದ ಪಿಸ್ಟನ್ ಮೇಲೆ ಮುಟ್ಟುವ ಮುಂಚೆಯೇ ಕಿಡಿ ಕೊಡುತ್ತಾರೆ. ಇನ್ನೂ ಚೂರು ಮುಂಚೆ ಕೊಟ್ಟರೆ ಒದೆತ ಜೋರು. ಡಿಸ್ಟ್ರಿಬ್ಯೂಟರನ್ನು ತಿರುಗಿಸಿದ್ದು ಅದಕ್ಕೇ. ಸೋಮವಾರ ಒಬ್ಬನೇ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿಬಂದೆ. ಗಾಜನೂರಿನ ಹತ್ತಿರ ಬಸ್ಸೊಂದನ್ನು ಹಿಂದೆ ಹಾಕಿದೆ. ನಿಂತಿದ್ದ ಬಸ್ಸಲ್ಲ, ಓಡುತ್ತಿದ್ದದ್ದು.

ಆ ವಾರವೇ ಹೆಬ್ರಿಯಲ್ಲಿ ಮದುವೆ. ಊಟ ಮುಗಿಸಿ ವಾಪಸು ಹೊರಟೆವು. ನಾನು, ಹೆಂಡತಿ, ಮಗಳು, ಅತ್ತೆ, ಜೊತೆಗೆ ಭಾವಮೈದುನ (ಅವನ ಕಾರಿನ ಹೊಟ್ಟೆ ರಸ್ತೆಗೆ ಉಜ್ಜುತ್ತದಂತೆ). ಸೋಮೇಶ್ವರ ದಾಟಿ ಆಗುಂಬೆ ಘಾಟಿ ಶುರುವಾಯಿತು. ಹದಿನಾಲ್ಕು ತಿರುವು. ಹೊಸ ಶಕ್ತಿ ತೋರಿಸಬೇಕಲ್ಲ, ಮೂರನೇ ಗೇರಿನಲ್ಲೇ ಒತ್ತಿದೆ. ಎರಡನೇ ತಿರುವಿಗೆ ಮುಂದಿನಿಂದ ಶಬ್ದ: ಕಿಣಿ ಕಿಣಿ ಕಿಣಿ.

ನನಗೆ ತಕ್ಷಣ ಗೊತ್ತಾಯಿತು. ಹೇಳಲಿಲ್ಲ.

“ರೀ, ಏನೋ ಸದ್ದು” ಅಂದಳು ಇವಳು. ನಿಲ್ಲಿಸಿದೆ. ಎಲ್ಲರೂ ಉಸಿರು ಬಿಗಿಹಿಡಿದು ಆಲಿಸಿದರು. ಇಂಜಿನ್ ಪರಮ ಸಾಧುವಿನಂತೆ ಗುರುಗುಟ್ಟುತ್ತಿತ್ತು. ಭಾರ ಬಿದ್ದಾಗ ಮಾತ್ರ ಬರುವ ಶಬ್ದ, ನಿಂತಾಗ ಎಲ್ಲಿಂದ ಬರಬೇಕು? “ಅತ್ತೆಯ ಬಳೆ ಇರಬಹುದೇನೋ” ಅಂದೆ. ಹೌದು, ನಾನೇ ಅಂದೆ. ಆ ಹಿರಿಯ ಜೀವ ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು ಕೂತರು. ನಾಲ್ಕನೇ ತಿರುವು: ಕಿಣಿ ಕಿಣಿ. ನಿಲ್ಲಿಸಿದರೆ ಮೌನ. ಚಿಲ್ಲರೆ ಕಾಸೆಲ್ಲ ಮಗಳ ಮುಷ್ಟಿಗೆ ಹೋಯಿತು. ಆರನೇ ತಿರುವು: ಕಿಣಿ ಕಿಣಿ. ಡಿಕ್ಕಿಯಿಂದ ಜಾಕು, ಪಾನ ಎಲ್ಲ ಹೊರಗೆ ಬಂದು ಭಾವಮೈದುನನ ತೊಡೆಯೇರಿದವು. ಅವನ ಬಿಳಿ ಪ್ಯಾಂಟಿಗೆ ಗ್ರೀಸು ಹತ್ತಿದ್ದನ್ನು ಕನ್ನಡಿಯಲ್ಲಿ ನೋಡಿದಾಗ ನನಗಾದ ಸಂಕಟ ಅಂಥ ದೊಡ್ಡದೇನಲ್ಲ. ಎಂಟನೇ ತಿರುವಿನಲ್ಲಿ ಅತ್ತೆ, “ಬೀಗರು ಕೊಟ್ಟ ಕೋಡುಬಳೆ ಡಬ್ಬಿಯೇ ಇರಬೇಕು, ಸ್ಟೀಲಿನದು” ಎಂದರು. ಡಬ್ಬಿಯನ್ನು ತಂದು ಕಟ್ಟೆಯ ಮೇಲಿಟ್ಟು, ಮುಚ್ಚಳ ತೆಗೆದು, ಅಲುಗಾಡಿಸಿ ನೋಡಿದೆವು. ಶಬ್ದ ಸುಮಾರಾಗಿ ತಾಳೆಯಾಯಿತು! ಅಪರಾಧಿ ಸಿಕ್ಕಿಬಿಟ್ಟ ಸಂತೋಷದಲ್ಲಿ ಎಲ್ಲರೂ ನಕ್ಕೆವು, ನಾನು ಎಲ್ಲರಿಗಿಂತ ಜೋರಾಗಿ. ಅಷ್ಟರಲ್ಲಿ ಗಂಡು ಮಂಗವೊಂದು ಬಂದು ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಮರ ಹತ್ತಿತು.

ಒಂಬತ್ತನೇ ತಿರುವು: ಕಿಣಿ ಕಿಣಿ ಕಿಣಿ. ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಪಕ್ಕದಲ್ಲಿ ಹಾದ ಮಿನಿ ಬಸ್ಸಿನ ಡ್ರೈವರು ಕತ್ತು ಹೊರಚಾಚಿ, “ನಾಕಿಂಗ್ ಅದು ಮಾರಾಯ್ರೆ, ಎರಡಕ್ಕೆ ಹಾಕಿ!” ಎಂದು ಕೂಗಿದ. ಹಾಕಿದೆ. ಶಬ್ದ ನಿಂತಿತು. ಇವಳು ನನ್ನ ಮುಖವನ್ನೇ ನೋಡಿದಳು.

ಮರುದಿನ ಗ್ಯಾರೇಜಿನ ಮೇಸ್ತ್ರಿಯ ಮುಂದೆ ತಪ್ಪೊಪ್ಪಿಗೆ. ಸಿಲಿಂಡರಿನಲ್ಲಿ ಬೆಂಕಿ ಹರಡುವುದೆಂದರೆ ಪಂಕ್ತಿಯಲ್ಲಿ ಎಲೆಯಿಂದೆಲೆಗೆ ಬಡಿಸಿಕೊಂಡು ಹೋದ ಹಾಗೆ. ಕಿಡಿ ಅತಿ ಬೇಗ ಬಿದ್ದರೆ ಕೊನೆಯ ಮೂಲೆಯ ಗಾಳಿ-ಪೆಟ್ರೋಲು ಒತ್ತಡಕ್ಕೆ, ಬಿಸಿಗೆ ಕಾಯಲಾರದೆ ತಾನಾಗಿಯೇ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಆ ನೂಕುನುಗ್ಗಲಿನ ಪೆಟ್ಟೇ ಕಿಣಿಕಿಣಿ. ದಿನಾ ಹೀಗಾದರೆ ಪಿಸ್ಟನ್ನೇ ತೂತು. “ಟೈಮಿಂಗ್ ಹಿಂದಿಡೋದು ನಂಗೇನು ಚಟವಾ? ಮನೆಮಂದಿನೆಲ್ಲ ತುಂಬ್ಕೊಂಡು ಮೂರನೇ ಗೇರಲ್ಲಿ ಘಾಟಿ ಹತ್ತೋರು ನೀವು ಅಂತ ಗೊತ್ತಿದ್ದೇ ಇಟ್ಟಿದ್ದು” ಅಂದರು. ಭಾವಮೈದುನನ ಕಾರಿಗಾದರೆ ನಾಕ್ ಸೆನ್ಸರ್ ಎಂಬ ಕಿವಿಯುಂಟು, ಕೇಳಿಸಿಕೊಂಡು ತಾನೇ ಕಿಡಿಯನ್ನು ಹಿಂದೆ ಸರಿಸುತ್ತದೆ. ನನ್ನದಕ್ಕೆ ಅತ್ತೆಯ ಕಿವಿಯೇ ಗತಿ.

ಈ ಶಬ್ದ ಅಡಗಿಸಲು 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುವ ಉಪಾಯ ಕಂಡುಹಿಡಿದ. ಇಂಜಿನ್ನು ಸುಮ್ಮನಾಯಿತು, ಸೀಸ ಹೊಗೆಯಾಗಿ ಮಕ್ಕಳ ರಕ್ತಕ್ಕೆ ಇಳಿಯಿತು. ನಮ್ಮ ದೇಶದಲ್ಲಿ ಅದು ಪೂರ್ತಿ ನಿಂತದ್ದು 2000ದಲ್ಲಿ. ಪೆಟ್ರೋಲ್ ಬಂಕಿನ ಪಕ್ಕದ ಮನೆಯಲ್ಲಿ ಬೆಳೆದವನು ನಾನು. ವಾಸನೆ ಚೆನ್ನಾಗಿದೆ ಎಂದು ತಮ್ಮನೂ ನಾನೂ ಸ್ಕೂಟರುಗಳ ಹಿಂದೆಯೇ ನಿಂತು ಉಸಿರೆಳೆದುಕೊಳ್ಳುತ್ತಿದ್ದೆವು. ಯಾರೂ ಬೇಡ ಅನ್ನಲಿಲ್ಲ. ಭಾನುವಾರ ಮಧ್ಯಾಹ್ನ ಸ್ಪ್ಯಾನರು ಹಿಡಿಯುವ ಬುದ್ಧಿ ಅಲ್ಲಿಂದಲೇ ಬಂತೋ ಏನೋ.

ಮೇಸ್ತ್ರಿ ಟೈಮಿಂಗ್ ಸರಿಮಾಡಿದರು. ಇವಳು ಬ್ಯಾಗಿನಿಂದ ಕೆಂಪು ನೇಲ್ ಪಾಲಿಶ್ ತೆಗೆದುಕೊಟ್ಟು, ಡಿಸ್ಟ್ರಿಬ್ಯೂಟರಿನಿಂದ ಇಂಜಿನ್ನಿಗೆ ಅಡ್ಡಲಾಗಿ ಒಂದು ಗೆರೆ ಎಳೆಸಿದಳು. ಪ್ರತಿ ಭಾನುವಾರ ಸಂಜೆ ಟಾರ್ಚು ಹಿಡಿದು, ಗೆರೆ ಕೂಡಿದೆಯೋ ಇಲ್ಲವೋ ಎಂದು ನೋಡಿ ಬರುತ್ತಾಳೆ.