ಗಿರಾಕಿ, ತಂತಿ ಮತ್ತು ಉದ್ಯಾನ್ ಎಕ್ಸ್‌ಪ್ರೆಸ್

ಕ್ಯಾಲೆಂಡರನ್ನು ಅಚ್ಚು ಹಾಕಿಸುವ ವ್ಯಾಪಾರಿಗೆ ಜನವರಿ ಒಂದನೆಯ ತಾರೀಖು ಪ್ರತಿ ವರ್ಷವೂ ಅನಿರೀಕ್ಷಿತವಾಗಿಯೇ ಬರುತ್ತದೆ. ದೇವರ ಚಿತ್ರ ಹಾಕಿಸುವುದೋ ಹಿಮಾಲಯದ ಚಿತ್ರ ಹಾಕಿಸುವುದೋ ಎಂದು ಹನ್ನೊಂದು ತಿಂಗಳು ಸಾವಧಾನವಾಗಿ ವಿಚಾರಮಾಡಿ, ಡಿಸೆಂಬರು ಅರ್ಧ ಕಳೆಯುವ ವೇಳೆಗೆ ಥಟ್ಟನೆ ಎಚ್ಚೆತ್ತು, 'ಇವತ್ತೇ ಕಳಿಸಿ' ಎಂದು ಆಜ್ಞಾಪಿಸುವ ಈ ಮಹನೀಯರ ಕೃಪೆಯಿಂದ ಅನ್ನ ಉಣ್ಣುತ್ತಿದ್ದವರಲ್ಲಿ ನಾನೂ ಒಬ್ಬನು. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ, ಬೆಂಗಳೂರಿನ ಕಾಟನ್‌ಪೇಟೆಯ ಒಂದು ಮಹಡಿಯ ಮೇಲೆ, ವರ್ಣಚಿತ್ರಗಳನ್ನು ಸ್ಕ್ಯಾನು ಮಾಡಿ, ಅಕ್ಷರ ಜೋಡಿಸಿ, ಅಚ್ಚಿಗೆ ಯೋಗ್ಯವಾದ ಪುಟಗಳನ್ನು ಸಿದ್ಧಪಡಿಸುತ್ತಿದ್ದ ಡಿ.ಟಿ.ಪಿ. ಸ್ಟುಡಿಯೋವೊಂದರಲ್ಲಿ ನನಗೆ ಉದ್ಯೋಗ. ನಮ್ಮ ಗಿರಾಕಿಗಳಲ್ಲಿ ಬಿಲ್ಲಿನ ಹಣವನ್ನು ಕಾಲಕ್ಕೆ ಸರಿಯಾಗಿ ಕೊಡುತ್ತಿದ್ದ ಏಕಮಾತ್ರ ಸತ್ಪುರುಷರು ಮುಂಬಯಿಯ ಒಬ್ಬ ಸೇಠರು. ಆದುದರಿಂದಲೇ ಅವರ ಮಾತಿಗೆ ನಮ್ಮಲ್ಲಿ ವೇದವಾಕ್ಯದ ಮನ್ನಣೆ ಇದ್ದಿತು.

ಒಂದು ಚಿತ್ರ ಎಷ್ಟು ಭಾರವಾಗಿರಬಲ್ಲುದು ಎಂಬುದನ್ನು ಇಂದಿನ ತರುಣರಿಗೆ ತಿಳಿಯಹೇಳುವುದು ಕಷ್ಟ. ಹದಿನೈದು ಅಂಗುಲ ಅಗಲ, ಇಪ್ಪತ್ತು ಅಂಗುಲ ಉದ್ದದ ಕ್ಯಾಲೆಂಡರು ಹಾಳೆಯೊಂದಕ್ಕೆ ಅಂಗುಲಕ್ಕೆ 300 ಚುಕ್ಕೆಯಂತೆ ಲೆಕ್ಕ ಹಿಡಿದರೆ 2 ಕೋಟಿ 70 ಲಕ್ಷ ಚುಕ್ಕೆಗಳಾಗುತ್ತವೆ; ಆಫ್‌ಸೆಟ್ ಮುದ್ರಣಕ್ಕೆ ನಾಲ್ಕು ಬಣ್ಣದ ಶಾಯಿಗಳು ಬೇಕಾದುದರಿಂದ ಚುಕ್ಕೆಯೊಂದಕ್ಕೆ ನಾಲ್ಕು ಬೈಟು; ಅಲ್ಲಿಗೆ ಹಾಳೆಯೊಂದಕ್ಕೆ 108 ಮೆಗಾಬೈಟು. ಎರಡು ತಿಂಗಳಿಗೊಂದು ಹಾಳೆಯಂತೆ ವರ್ಷಕ್ಕೆ ಆರು ಹಾಳೆ, 648 ಮೆಗಾಬೈಟು. ಇದನ್ನು ಕುಗ್ಗಿಸುವ ವಿದ್ಯೆ ಇರಲಿಲ್ಲವೆಂದಲ್ಲ. ಆದರೆ ಅಕ್ಷರಗಳ ಫೈಲನ್ನು ಹಿಂಡಿ ಹಿಪ್ಪೆಮಾಡಬಲ್ಲ ಸ್ಟಫಿಟ್ ಎಂಬ ತಂತ್ರಾಂಶವು ಸೇಠರ ಕ್ಯಾಲೆಂಡರಿನ ಮಹಾಲಕ್ಷ್ಮಿಯ ಜರಿಯಂಚಿನ ಸೀರೆಯ ಮುಂದೆ ಕೈಸೋತು, ಒಳಹೋದಷ್ಟನ್ನೇ ಬಹುಮಟ್ಟಿಗೆ ಹೊರಗೆ ಹಾಕುತ್ತಿದ್ದಿತು. ನಿಜವಾಗಿ ಕುಗ್ಗಿಸಬಲ್ಲ ಜೆ.ಪಿ.ಇ.ಜಿ. ವಿಧಾನವು ಚಿತ್ರದ ಸೂಕ್ಷ್ಮಾಂಶಗಳನ್ನು ಸ್ವಲ್ಪ ನುಂಗಿಹಾಕುತ್ತದೆಂದು ಯಾರೋ ಪುಣ್ಯಾತ್ಮರು ಸೇಠರ ಕಿವಿಯಲ್ಲಿ ಊದಿದ್ದರಿಂದ, ದೇವಿಯ ಒಂದು ಕೂದಲೂ ಕೊಂಕದಂತೆ, ಪೂರ್ಣರೂಪದಲ್ಲಿಯೇ ಕಳುಹಿಸತಕ್ಕದ್ದೆಂದು ಅಪ್ಪಣೆಯಾಗಿದ್ದಿತು.

ಸಾಧಾರಣ ಟೆಲಿಫೋನಿಗೆ ಮೋಡೆಮ್ ಜೋಡಿಸಿ ಇದನ್ನು ಕಳುಹಿಸಹೊರಟರೆ, ಆ ಕಾಲದ 33.6 ಕಿಲೋಬಿಟ್ ವೇಗದಲ್ಲಿ, ತಂತಿ ಎಲ್ಲಿಯೂ ಕೆಮ್ಮದೆ ಸೀನದೆ ಇದ್ದರೂ ಹಾಳೆಯೊಂದಕ್ಕೆ ಏಳು ಗಂಟೆಗೆ ಕಡಿಮೆಯಿಲ್ಲ. ತಂತಿಯೋ, ಪಕ್ಕದ ಮನೆಯವರ ಸಂಭಾಷಣೆಯನ್ನೂ ಹಿನ್ನೆಲೆಯಲ್ಲಿ ಕೇಳಿಸುವಷ್ಟು ಉದಾರಬುದ್ಧಿಯದು. ಇಂತಹ ಸಂದರ್ಭದಲ್ಲಿ ಸೇಠರ ಆಫೀಸಿಗೆ ಐ.ಎಸ್.ಡಿ.ಎನ್. ಎಂಬ ಅಂಕಸಂಜ್ಞೆಯ ದೂರವಾಣಿ ಬಂದಿರುವುದಾಗಿಯೂ, ನಾವೂ ಅದನ್ನು ಹಾಕಿಸಿಕೊಳ್ಳದಿದ್ದರೆ ಬೇರೆ ಸ್ಟುಡಿಯೋ ನೋಡಬೇಕಾಗುವುದಾಗಿಯೂ ಫ್ಯಾಕ್ಸು ಬಂದಿತು. ನಮ್ಮ ಯಜಮಾನರು ಆ ಫ್ಯಾಕ್ಸನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಮೂರನೆಯ ಸಲ ಓದದೆ ಅರ್ಜಿ ಹಾಕಿದರು.

ಈ ಐ.ಎಸ್.ಡಿ.ಎನ್. ಎಂಬುದರ ಜಾತಕ ಸ್ವಾರಸ್ಯವಾದುದು. ಅಂತರರಾಷ್ಟ್ರೀಯ ದೂರಸಂಪರ್ಕ ಮಂಡಲಿಯವರು 1984ರಲ್ಲಿಯೇ ಇದರ ನಿಯಮಗಳನ್ನು ಪ್ರಕಟಿಸಿದ್ದರು. ಜಪಾನಿನಲ್ಲಿ 1988ರಲ್ಲಿ, ಜರ್ಮನಿಯಲ್ಲಿ 1989ರಲ್ಲಿ ಬಳಕೆಗೆ ಬಂದಿದ್ದಿತು. ಹೊಸ ತಂತಿ ಎಳೆಯಬೇಕಾದ ಅಗತ್ಯವಿಲ್ಲದೆ, ಮನೆಗೆ ಮೊದಲೇ ಬಂದಿರುವ ಅದೇ ಎರಡೆಳೆ ತಾಮ್ರದ ಮೇಲೆ, ಮನುಷ್ಯನ ಕಂಠಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ ಎಂಟು ಬಿಟ್ಟುಗಳಲ್ಲಿ ಬರೆದರೆ ದೊರೆಯುವ 64 ಕಿಲೋಬಿಟ್ಟಿನ ದಾರಿಗಳು ಎರಡು. ಇವುಗಳಿಗೆ ಬಿ ಚಾನೆಲ್ಲುಗಳೆಂದು ಹೆಸರು. ಇವುಗಳ ಜೊತೆಗೆ 16 ಕಿಲೋಬಿಟ್ಟಿನ ಡಿ ಚಾನೆಲ್ ಎಂಬ ಮೂರನೆಯದೊಂದುಂಟು. ಮದುವೆಮನೆಯಲ್ಲಿ ತಾವು ಒಂದು ತಂಬಿಗೆಯನ್ನೂ ಎತ್ತದೆ, ಎತ್ತುವವರಿಗೆಲ್ಲ 'ಅಲ್ಲಿಡು, ಇಲ್ಲಿಡು' ಎನ್ನುತ್ತ ಓಡಾಡುವ ಸೋದರಮಾವಂದಿರ ಹಾಗೆ, ಇದು ಕರೆಗಳನ್ನು ಕೂಡಿಸುವುದು, ಕಡಿಯುವುದು ಇಷ್ಟನ್ನೇ ನೋಡಿಕೊಳ್ಳುತ್ತದೆ. ಅದರ ಫಲವಾಗಿ ಮೋಡೆಮ್ಮಿನ ಆ ಆರ್ತನಾದವಿಲ್ಲದೆ, ನಂಬರು ಒತ್ತಿದ ಕ್ಷಣಮಾತ್ರದಲ್ಲಿ ಮುಂಬಯಿಯು ಕೈಗೆ ಸಿಕ್ಕುತ್ತಿದ್ದಿತು. ಯಜಮಾನರಿಗೆ ಇದೇ ಮೊದಲ ನಿರಾಶೆ. ಇಷ್ಟು ಹಣ ತೆತ್ತ ವಸ್ತುವು ಸದ್ದನ್ನೇ ಮಾಡದಿದ್ದರೆ ಅದು ಕೆಲಸಮಾಡುತ್ತಿರುವುದನ್ನು ನಂಬುವುದು ಹೇಗೆಂದು ಅವರು ಮತ್ತೆ ಮತ್ತೆ ಕೇಳಿದರು.

ಎರಡನೆಯ ನಿರಾಶೆ ವಿದ್ಯುಚ್ಛಕ್ತಿಗೆ ಸಂಬಂಧಿಸಿದುದು. ಹಳೆಯ ಟೆಲಿಫೋನಿಗೆ ಬೇಕಾದ 48 ವೋಲ್ಟಿನ ಶಕ್ತಿ ಎಕ್ಸ್‌ಚೇಂಜಿನಿಂದಲೇ ತಂತಿಯ ಮೂಲಕ ಬರುತ್ತಿದ್ದುದರಿಂದ, ಊರೆಲ್ಲ ಕತ್ತಲಾದರೂ ಅದು ಮಾತ್ರ ಧೈರ್ಯವಾಗಿ ಬಡಿದುಕೊಳ್ಳುತ್ತಿದ್ದಿತು. ಐ.ಎಸ್.ಡಿ.ಎನ್. ತಂತಿ ಗೋಡೆಯ ಮೇಲೆ ಬಂದು ಮುಟ್ಟುವಲ್ಲಿ ಕೂರಿಸುವ ಎನ್.ಟಿ. ಎಂಬ ಪೆಟ್ಟಿಗೆಗಾದರೋ ಮನೆಯ ಪ್ಲಗ್ಗಿನ ಕರೆಂಟೇ ಆಹಾರ. ಕಾಟನ್‌ಪೇಟೆಯಲ್ಲಿ ಸಂಜೆ ಕರೆಂಟು ಹೋದೊಡನೆ ನೂರು ರೂಪಾಯಿಯ ಫೋನು ಬದುಕಿರುವುದು, ಸಾವಿರಾರು ರೂಪಾಯಿಯದು ಪ್ರಾಣಬಿಡುವುದು. ಯು.ಪಿ.ಎಸ್. ಇದ್ದಿತು, ನಿಜ, ಅದರ ಉಸಿರು ಇಪ್ಪತ್ತು ನಿಮಿಷ, ಫೈಲಿನ ಹಸಿವು ಹಲವು ಗಂಟೆ. ಶೇಕಡಾ ತೊಂಬತ್ತು ದಾಟಿದ ಮೇಲೆ ಕಡಿದುಹೋದ ಕರೆಯನ್ನು ಮತ್ತೆ ಮೊದಲಿನಿಂದ ಆರಂಭಿಸಬೇಕಾದಾಗ ಮನುಷ್ಯನ ಬಾಯಿಂದ ಹೊರಡುವ ಶಬ್ದಗಳನ್ನು ಲಲಿತ ಪ್ರಬಂಧದಲ್ಲಿ ಕಾಣಿಸುವುದು ಉಚಿತವಲ್ಲ.

ತಂತಿ ಇದ್ದ ಮಾತ್ರಕ್ಕೆ ಕಾರ್ಯ ಸಾಧಿಸಿದಂತಾಗಲಿಲ್ಲ. ಈ ಕಡೆಯ ತಂತ್ರಾಂಶವೂ ಆ ಕಡೆಯ ತಂತ್ರಾಂಶವೂ ಒಂದೇ ಮಠದವಾಗಿರದಿದ್ದರೆ ಪರಸ್ಪರ ಮುಖ ನೋಡುತ್ತಿರಲಿಲ್ಲ. ಈ ವಿದ್ಯೆ ನಿಜವಾಗಿ ಬೇರುಬಿಟ್ಟಿದ್ದ ಜರ್ಮನಿಯಲ್ಲಿ, ಮನ್‌ಹೈಮ್ ಪಟ್ಟಣದ ಹರ್ಮ್‌ಸ್ಟೆಟ್ ಎಂಬ ಕಂಪನಿಯವರು ಮ್ಯಾಕಿಂಟಾಷ್ ಗಣಕಗಳಿಗೆಂದು ಮಾಡುತ್ತಿದ್ದ ಲಿಯೊನಾರ್ಡೊ ಕಾರ್ಡು ಮುದ್ರಣದವರೆಲ್ಲರ ಮನೆಮಾತಾಗಿದ್ದಿತು. ಜಗಳವನ್ನು ತೀರಿಸಲು ಯುರೋಪಿನವರು ಯುರೋಫೈಲ್ ಎಂಬ ಸಾಮಾನ್ಯ ನಿಯಮವನ್ನೂ ರಚಿಸಿಕೊಂಡಿದ್ದರು. ನಮ್ಮಲ್ಲಿ ಇಂತಹ ವ್ಯಾಜ್ಯಗಳನ್ನು ತೀರಿಸುತ್ತಿದ್ದುದು ಟೆಲಿಫೋನಿನಲ್ಲಿ ಮಾಡುವ ಜಗಳ. ಮುಂಬಯಿಯ ಹುಡುಗನಿಗೆ ಹಿಂದಿ, ನಮ್ಮ ಯಜಮಾನರಿಗೆ ಬೆಂಗಳೂರಿನ ಹಿಂದಿ. ಇವರಿಬ್ಬರ ನಡುವಿನ ನಿಯಮಾವಳಿಯನ್ನು ಯಾವ ಮಂಡಲಿಯೂ ಪ್ರಕಟಿಸಿರಲಿಲ್ಲ.

ಎಲ್ಲವೂ ಕೂಡಿಬಂದ ಮೇಲೆ ಎದುರಾದುದು ದರದ ಪ್ರಶ್ನೆ. ಮುಂಬಯಿಗೆ ಮಾಡಿದ ಕರೆಗೆ ಎಸ್.ಟಿ.ಡಿ. ದರ, ವೇಗ ಇಮ್ಮಡಿಯಾಗಲೆಂದು ಎರಡು ಚಾನೆಲ್ಲುಗಳನ್ನೂ ಕೂಡಿಸಿದರೆ ಎರಡು ಕರೆಗಳ ದರ. ರಾತ್ರಿ 11 ಗಂಟೆ ಕಳೆದ ಮೇಲೆ ಕಾಲು ದರವೆಂಬ ದಯೆ ಆಗ ಇದ್ದಿತಷ್ಟೆ. ಊರಿನ ಎಸ್.ಟಿ.ಡಿ. ಬೂತುಗಳ ಮುಂದೆ, ಪರಸ್ಥಳದ ಮಗಳೊಂದಿಗೆ ಮಾತಾಡಲು ಶಾಲು ಹೊದ್ದು ನಿಂತ ತಾಯಂದಿರ ಸಾಲು ಕರಗುತ್ತ ಬರುವ ಹೊತ್ತಿನಲ್ಲಿ, ನಾವು ಮಹಡಿಯ ಮೇಲೆ ಗಡಿಯಾರ ನೋಡುತ್ತ ಕುಳಿತು, ಮುಳ್ಳು ದಾಟಿದೊಡನೆ ಮಹಾಲಕ್ಷ್ಮಿಯನ್ನು ಮುಂಬಯಿಗೆ ಬೀಳ್ಕೊಡುತ್ತಿದ್ದೆವು. ಅಲ್ಲಿಗೆ ನಮ್ಮ ಕೆಲಸ ಮುಗಿದು ಸೇಠರ ಕೆಲಸ ಆರಂಭವಾಗುತ್ತಿದ್ದಿತು.

"ಹೊರಟಿತೋ?" ಎಂದು ಇನ್ನೊಂದು ಫೋನಿನಲ್ಲಿ ಕೇಳುವರು.

"ಹೊರಟಿತು ಸೇಠ್‌ಜೀ, ಆಗಲೇ ಹದಿಮೂರು ಪರ್ಸೆಂಟು" ಎಂದು ಯಜಮಾನರು ಹೇಳುವರು.

"ಎಲ್ಲಿಯವರೆಗೆ ಬಂದಿದೆ?"

ಈ ಪ್ರಶ್ನೆಗೆ ಯಜಮಾನರು ಮೊದಮೊದಲು ತಬ್ಬಿಬ್ಬಾದರೂ, ಅನುಭವದಿಂದ ಪಕ್ವರಾಗಿ, ಶೇಕಡಾ ಇಪ್ಪತ್ತಕ್ಕೆ ಗುಂತಕಲ್ಲೆಂದೂ, ಐವತ್ತಕ್ಕೆ ವಾಡಿಯೆಂದೂ, ಎಂಬತ್ತಕ್ಕೆ ಪುಣೆಯೆಂದೂ ಉತ್ತರ ಕೊಡತೊಡಗಿದರು. ಸೇಠರು ಆ ಉತ್ತರವನ್ನು ಕೇಳಿ ನೆಮ್ಮದಿಯಿಂದ ಮಲಗಿ, ಒಂದು ಗಂಟೆಯ ನಂತರ ಎದ್ದು ಪುನಃ ಕೇಳುವರು.

ಇಲ್ಲಿ ಒಂದು ಲೆಕ್ಕವನ್ನು ಓದುಗರ ಮುಂದಿಡಬೇಕು. ಆರು ಹಾಳೆಗಳ 648 ಮೆಗಾಬೈಟು ಎರಡು ಚಾನೆಲ್ಲುಗಳ ಮೇಲೆ ಅವಿಚ್ಛಿನ್ನವಾಗಿ ಸಾಗಿದರೂ ಹನ್ನೊಂದೂಕಾಲು ಗಂಟೆಯ ಪ್ರಯಾಣ. ಕಾಲು ದರ ಬೆಳಗಿನ ಜಾವಕ್ಕೆ ಮುಗಿದುಹೋಗುವುದರಿಂದ ಉಳಿದುದು ಮಾರನೆಯ ರಾತ್ರಿಗೆ. ಅಂತೂ ದೇವಿ ಪೂರ್ಣವಾಗಿ ಮುಂಬಯಿ ಸೇರುವಾಗ ಎರಡನೆಯ ರಾತ್ರಿಯೂ ಮುಕ್ಕಾಲು ಪಾಲು ಸವೆದಿರುತ್ತಿದ್ದಿತು. ಅದೇ 648 ಮೆಗಾಬೈಟು 650 ಮೆಗಾಬೈಟಿನ ಒಂದು ಸಿ.ಡಿ.ಯಲ್ಲಿ, ಅದಕ್ಕೆಂದೇ ಅಳತೆ ಕೊಟ್ಟು ಮಾಡಿಸಿದಂತೆ, ನೆಟ್ಟಗೆ ಹಿಡಿಸುತ್ತದೆ. ಬೆಂಗಳೂರಿನಿಂದ ರಾತ್ರಿ ಹೊರಡುವ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಗುರುತಿನವರ ಕೈಗೆ ಆ ಸಿ.ಡಿ. ಕೊಟ್ಟರೆ ಮಾರನೆಯ ರಾತ್ರಿ ಅದು ಸೇಠರ ಕೈ ಸೇರುವುದು. 64 ಕಿಲೋಬಿಟ್ಟಿನ ಒಂದು ಚಾನೆಲ್ಲು ಇಡೀ ಇಪ್ಪತ್ತನಾಲ್ಕು ಗಂಟೆ ದುಡಿದರೆ ಸಾಗಿಸಬಲ್ಲುದು 691 ಮೆಗಾಬೈಟು ಮಾತ್ರ. ಅಂದರೆ ಚೀಲದಲ್ಲಿ ಒಂದೇ ಒಂದು ಸಿ.ಡಿ. ಇಟ್ಟುಕೊಂಡ ಪ್ರಯಾಣಿಕನು, ದಾರಿಯಲ್ಲಿ ವಡೆ ತಿಂದು, ಚಹಾ ಕುಡಿದು, ಮೇಲಿನ ಬರ್ತಿನಲ್ಲಿ ಗೊರಕೆ ಹೊಡೆಯುತ್ತ, ಒಂದು ಬಿ ಚಾನೆಲ್ಲಿಗೆ ಸರಿಸಮನಾಗುತ್ತಿದ್ದನು. ಅವನು ಎರಡು ಸಿ.ಡಿ. ಒಯ್ದರೆ ನಮ್ಮ ಇಡೀ ತಂತಿಗೆ.

ಈ ಲೆಕ್ಕವನ್ನು ಯಜಮಾನರು ಒಮ್ಮೆ ಸೇಠರಿಗೆ ವಿನಯದಿಂದ ನಿವೇದಿಸಿದರು. ರೈಲಿನಲ್ಲಿ ಬೇಗ ಬರುತ್ತದೆ, ಖರ್ಚೂ ಇಲ್ಲ ಎಂದರು. ಸೇಠರು ಕ್ಷಣಕಾಲ ಸುಮ್ಮನಿದ್ದು, "ರೈಲಿನಲ್ಲಿ ಬರುತ್ತಿದ್ದರೆ ರಾತ್ರಿ ನಾನು ಯಾರನ್ನು ಕೇಳಲಿ?" ಎಂದರು.

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಅವರು ಹಣ ಕೊಡುತ್ತಿದ್ದುದು ಚಿತ್ರಕ್ಕಲ್ಲ, ವೇಗಕ್ಕೂ ಅಲ್ಲ, ತಾವು ಕೇಳಬಹುದು ಎಂಬ ಅಧಿಕಾರಕ್ಕೆ. ಪ್ಯಾಸೆಂಜರಿನ ಚೀಲದೊಳಗೆ ಕುಳಿತ ಸಿ.ಡಿ.ಗೆ ಶೇಕಡಾವಾರು ಎಂಬುದಿಲ್ಲ; ಅದು ಬಂದಿರುತ್ತದೆ ಅಥವಾ ಬಂದಿರುವುದಿಲ್ಲ. ತಂತಿಯ ಮೇಲೆ ಬರುವುದಾದರೋ ರಾತ್ರಿಯೆಲ್ಲ ಬರುತ್ತಲೇ ಇರುತ್ತದೆ. ಬರುತ್ತಿರುವುದನ್ನು ಕಾಯುವವನಿಗೆ ತಾನೂ ಏನನ್ನೋ ಮಾಡುತ್ತಿರುವೆನೆಂಬ ಸಂತೃಪ್ತಿ ಇರುತ್ತದೆ. ವ್ಯಾಪಾರದಲ್ಲಿ ಇದಕ್ಕೆ ಬೆಲೆಯಿಲ್ಲವೆನ್ನುವವರು ಗಿರಾಕಿಗಳನ್ನು ಕಂಡವರಲ್ಲ.

2005ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್. ಸಂಸ್ಥೆಯವರು ಡೇಟಾಒನ್ ಎಂಬ ಬ್ರಾಡ್‌ಬ್ಯಾಂಡನ್ನು ಹೊರತಂದಾಗ, 256 ಕಿಲೋಬಿಟ್ಟೆಂಬ ಸಂಖ್ಯೆಯನ್ನು ಕಂಡು ನಾವು ಹಿಗ್ಗಿದೆವು. ಆ ಎ.ಡಿ.ಎಸ್.ಎಲ್. ತಂತ್ರವು ಹುಟ್ಟಿನಿಂದಲೇ ಪಕ್ಷಪಾತಿ. ತರಿಸಿಕೊಳ್ಳುವವನಿಗೆ ಧಾರಾಳಿ, ಕಳುಹಿಸುವವನಿಗೆ ಜಿಪುಣ. ನಾವಾದರೋ ಕಳುಹಿಸುವ ಜಾತಿಯವರು. ಆದುದರಿಂದ ಯಜಮಾನರು ಎನ್.ಟಿ. ಪೆಟ್ಟಿಗೆಯನ್ನು ಗೋಡೆಯಿಂದ ಕೂಡಲೇ ಕೀಳಿಸಲಿಲ್ಲ.

ಕ್ಯಾಲೆಂಡರಿನ ಗತಿ ಏನಾಯಿತೆಂದು ಓದುಗರು ಕೇಳಬಹುದು. ಎರಡು ರಾತ್ರಿ ತಂತಿಯಲ್ಲಿ ಹರಿದುಹೋದ ಆ ಆರು ಹಾಳೆಗಳನ್ನು ಸೇಠರು ಪರಮಸಂತೋಷದಿಂದ ನೋಡಿ, ಆ ವರ್ಷ ಕಾಗದದ ಬೆಲೆ ಏರಿತೆಂದು, ಅಂಗೈಯಗಲದ ಮೇಜಿನ ಕ್ಯಾಲೆಂಡರನ್ನು ಹಾಕಿಸಿದರು. ಆ ಅಳತೆಗೆ ಹಾಳೆಯೊಂದಕ್ಕೆ ಏಳೆಂಟು ಮೆಗಾಬೈಟು ಧಾರಾಳವಾಗಿ ಸಾಕಾಗುತ್ತಿದ್ದಿತು. ಬಿಲ್ಲಿನ ಹಣವನ್ನು ಮಾತ್ರ ಎಂದಿನಂತೆ ಕಾಲಕ್ಕೆ ಸರಿಯಾಗಿ, ಎಸ್.ಟಿ.ಡಿ. ಖರ್ಚನ್ನೂ ಸೇರಿಸಿ, ಪೂರ್ತಿ ಕೊಟ್ಟರು.